ಒಂದು ಪಾತ್ರಕ್ಕೆ ಮೂರ್ನಾಲ್ಕು ಹುಡುಗರಿದ್ದರೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮಕ್ಕಳ ಮಾಸಿಕವೊಂದಕ್ಕೆ ನಟ ಟಾಮ್ ಹಾಲೆಂಡ್ ಬಗ್ಗೆ ಎರಡು ಪುಟ ಬರೆಯುತ್ತಿದ್ದೇನೆ. ಸ್ಪೈಡರ್‌ಮ್ಯಾನ್ ಹುಡುಗ ಅಂದರೆ ಸಾಕು, ಮಕ್ಕಳಿಗೆ ಗೊತ್ತು. ಸಿನಿಮಾದ ಭಾಗ ಸಲೀಸಾಗಿ ಮುಗಿಯಿತು. ನಾನು ಸಿಕ್ಕಿಹಾಕಿಕೊಂಡಿದ್ದು ಅವನ ನಾಟಕದ ದಿನಗಳಲ್ಲಿ, ಅದೂ ಒಂದೇ ಒಂದು ಪದದ ಹತ್ತಿರ.

ವಿಷಯ ಇಷ್ಟು. 2008ರಲ್ಲಿ, ಹನ್ನೆರಡನೇ ವಯಸ್ಸಿಗೆ, ಅವನು ಲಂಡನ್‌ನ ವಿಕ್ಟೋರಿಯಾ ಪ್ಯಾಲೇಸ್ ರಂಗಮಂದಿರದಲ್ಲಿ ‘ಬಿಲ್ಲಿ ಎಲಿಯಟ್’ ಎಂಬ ಸಂಗೀತ ನಾಟಕಕ್ಕೆ ಬಣ್ಣ ಹಚ್ಚಿದ. ಜೂನ್‌ನಲ್ಲಿ ಬಿಲ್ಲಿಯ ಗೆಳೆಯ ಮೈಕಲ್ ಆಗಿದ್ದವನು ಸೆಪ್ಟೆಂಬರ್‌ನಲ್ಲಿ ಬಿಲ್ಲಿಯೇ ಆದ. 2010ರ ಮೇ ತನಕ ಆ ಪಾತ್ರ ಮಾಡಿದ. ಆದರೆ ಅವನೊಬ್ಬನೇ ಮಾಡಲಿಲ್ಲ. ಇವತ್ತು ಇವನು, ನಾಳೆ ಇನ್ನೊಬ್ಬ, ನಾಡಿದ್ದು ಮತ್ತೊಬ್ಬ. ಅಲ್ಲಿ ವಾರಕ್ಕೆ ಸಾಮಾನ್ಯವಾಗಿ ಎಂಟು ಆಟ. ಬಿಲ್ಲಿ ಹೆಚ್ಚುಕಡಿಮೆ ಆಟವಿಡೀ ರಂಗದ ಮೇಲೇ ಇರುತ್ತಾನೆ, ಹಾಡಬೇಕು, ಬ್ಯಾಲೆ ಕುಣಿಯಬೇಕು. ಯಾವ ಹುಡುಗನಿಗೂ ಎಂಟೂ ಆಟ ಆಗುವ ಮಾತಲ್ಲ. ಮಕ್ಕಳು ಎಷ್ಟು ಹೊತ್ತು ದುಡಿಯಬಹುದು ಅಂತ ಅಲ್ಲಿನ ಕಾನೂನೂ ಮಿತಿ ಹಾಕಿದೆ. ಜೊತೆಗೆ ಗಂಟಲು ಒಡೆಯುವ ವಯಸ್ಸು ಬೇರೆ.

ನನ್ನ ಮೊದಲ ಕರಡಿನಲ್ಲಿ ‘ಬದಲಿ ನಟರೂ ಇದ್ದರು’ ಅಂತ ಬರೆದಿದ್ದೆ. ಆರನೇ ಕ್ಲಾಸಿನ ಮಗಳಿಗೆ ಓದಿ ಹೇಳಿದೆ. ಅವಳು ತಟ್ಟನೆ ಕೇಳಿದಳು: “ಹಾಗಾದ್ರೆ ನಿಜವಾದ ಬಿಲ್ಲಿ ಯಾರಪ್ಪಾ?”

ಅಲ್ಲೇ ಎಡವಟ್ಟು. ಬದಲಿ ಅಂದಕೂಡಲೇ ಅಸಲಿ ಒಬ್ಬ ಇದ್ದಾನೆ ಅಂತಾಯಿತು. ಬದಲಿ ಮೇಷ್ಟ್ರು, ಬದಲಿ ಆಟಗಾರ, ಕೆಟ್ಟುನಿಂತ ಬಸ್ಸಿಗೆ ಬದಲಿ ಬಸ್ಸು, ಎಲ್ಲದರಲ್ಲೂ ಅದೇ ಅರ್ಥ. ಇಲ್ಲಿ ಅಸಲಿ ಅಂತ ಯಾರೂ ಇಲ್ಲ, ಅಥವಾ ಎಲ್ಲರೂ ಅಸಲಿಯೇ. 2005ರಲ್ಲಿ ಆ ನಾಟಕ ಶುರುವಾದಾಗ ಮೂವರು ಹುಡುಗರು ಬಿಲ್ಲಿ ಆಗಿದ್ದರು. ಲಂಡನ್ ರಂಗಭೂಮಿಯ ದೊಡ್ಡ ಗೌರವವಾದ ಒಲಿವಿಯರ್ ಪ್ರಶಸ್ತಿಯನ್ನು 2006ರಲ್ಲಿ ಮೂವರಿಗೂ ಸೇರಿಸಿಯೇ ಕೊಟ್ಟರು.

ಸರಿ, ‘ಬದಲಿ’ಯನ್ನು ಅಂಡರ್‌ಸ್ಟಡಿಗೆ ಬಿಟ್ಟುಕೊಡೋಣ. ಮುಖ್ಯ ನಟನಿಗೆ ಜ್ವರ ಬಂದರೆ ಇರಲಿ ಅಂತ ಮಾತು, ಹಾಡು, ಹೆಜ್ಜೆ ಎಲ್ಲ ಕಲಿತು ಕಾಯುವವನು ಅವನು. ತಿಂಗಳುಗಟ್ಟಲೆ ಕಾದರೂ ಒಮ್ಮೆಯೂ ರಂಗ ಹತ್ತದೇ ಹೋಗಬಹುದು. ಪಾಪ, ಅವನಿಗೂ ಬರೀ ‘ಬದಲಿ’ ಸಾಲದೇನೋ. ಗೆಳೆಯನೊಬ್ಬ ‘ಡ್ಯೂಪ್ ಅನ್ನು, ಮುಗೀತಲ್ಲ’ ಅಂದ. ಮುಗಿಯಲಿಲ್ಲ. ನಮ್ಮ ಸಿನಿಮಾದವರಿಗೆ ಡ್ಯೂಪ್ ಅಂದರೆ ಹೀರೋ ಬದಲು ಕಟ್ಟಡದಿಂದ ಹಾರುವವನು. ಅವನ ಮುಖ ಕಾಣಬಾರದು. ಬಿಲ್ಲಿಗೆ ಮುಖವೇ ಬಂಡವಾಳ.

‘ಪಾತ್ರ ಹಂಚಿಕೊಂಡರು’ ಅನ್ನೋಣವೆಂದರೆ, ನಾಟಕದವರ ಬಾಯಲ್ಲಿ ಪಾತ್ರ ಹಂಚುವುದೆಂದರೆ ಯಾರಿಗೆ ಯಾವ ಪಾತ್ರ ಅಂತ ಗೊತ್ತುಮಾಡುವುದು. ‘ಪಾತ್ರ ಹಂಚಿಕೆ ಆಯ್ತಾ?’ ಅಂತಲೇ ಕೇಳುತ್ತಾರಲ್ವಾ. ಓದುವವರು ದಾರಿ ತಪ್ಪುತ್ತಾರೆ. ತಮಾಷೆ ನೋಡಿ, ಒಬ್ಬನೇ ಎರಡು ಪಾತ್ರ ಮಾಡಿದರೆ ‘ದ್ವಿಪಾತ್ರ’ ಅನ್ನೋ ಪದ ಪೋಸ್ಟರಿಗೇ ಹತ್ತಿದೆ. ಇಬ್ಬರು ಒಂದು ಪಾತ್ರ ಮಾಡಿದರೆ ನಮ್ಮ ಬಾಯಿಗೆ ಬೀಗ.

ಪೂರ್ತಿ ಬೀಗವೂ ಅಲ್ಲ ಅನ್ನಿ. ತಾಳಮದ್ದಳೆಯ (ವೇಷ ಕಟ್ಟದೆ, ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕರಪತ್ರಗಳಲ್ಲಿ ‘ಕರ್ಣ 1, ಕರ್ಣ 2’ ಅಂತ ಹಾಕುವುದು ನೋಡಿದ್ದೇನೆ. ಇಬ್ಬರೂ ಕರ್ಣನೇ, ಯಾರೂ ಯಾರಿಗೂ ಬದಲಿಯಲ್ಲ. ಮಗಳ ಪ್ರಶ್ನೆಗೆ ಇದು ಒಳ್ಳೆಯ ಉತ್ತರ. ಆದರೆ ಅಲ್ಲಿ ಒಂದೇ ರಾತ್ರಿಯ ಪ್ರಸಂಗವನ್ನು ಇಬ್ಬರು ತುಂಡುಮಾಡಿಕೊಳ್ಳುತ್ತಾರೆ, ಇಲ್ಲಿ ದಿನಕ್ಕೊಬ್ಬ. ಹಾಗಂತ ‘ಎರಡನೇ ಬಿಲ್ಲಿ’ ಅಂದರೆ ಮತ್ತೆ ಕೆಳಗಿನವನು ಅನ್ನಿಸುತ್ತದೆ. (ಯಕ್ಷಗಾನದಲ್ಲಿ ‘ಎರಡನೇ ವೇಷ’ ಅಂದರೆ ಮೇಳದಲ್ಲಿ ದೊಡ್ಡ ಸ್ಥಾನ. ಅದು ಗೊತ್ತಿಲ್ಲದ ಬೆಂಗಳೂರಿನವರಿಗೆ ವಿವರಿಸುತ್ತ ಕೂರೋಕಾಗಲ್ಲ.)

ಸದ್ಯಕ್ಕೆ ನನಗೆ ಹಿಡಿಸಿರುವುದು ‘ಪಾಳಿ’. ರಾತ್ರಿ ಪಾಳಿ, ಗುಡಿಯಲ್ಲಿ ಪೂಜೆಯ ಪಾಳಿ, ಕಾಲುವೆ ನೀರಿನ ಪಾಳಿ. ಪಾಳಿಯಲ್ಲಿ ಯಾರೂ ನಕಲಿಯಲ್ಲ. ಇವತ್ತು ನೀರು ನನ್ನ ಗದ್ದೆಗೆ, ನಾಳೆ ನಿಮ್ಮದಕ್ಕೆ. ‘ಸರದಿ’ಯೂ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ರೇಷನ್ ಅಂಗಡಿ ಮುಂದೆ ನಿಂತ ವಾಸನೆ ಜಾಸ್ತಿ. ಅನುಮಾನ ಇರುವುದು ‘ಪಾಳಿ ನಟ’ ಅನ್ನುವ ಜೋಡಿಯಲ್ಲಿ. ಕಾರ್ಖಾನೆಯ ಸೈರನ್ ಕೇಳಿದಂತಾಗುತ್ತದೆಯೇ? ಅದಕ್ಕೇ ಪದವನ್ನು ಕ್ರಿಯೆಯ ಜೊತೆ ಇಟ್ಟು ನೋಡಿದೆ: ‘ನಾಲ್ಕಾರು ಹುಡುಗರು ಪಾಳಿಯ ಮೇಲೆ ಬಿಲ್ಲಿ ಆಗುತ್ತಿದ್ದರು, ಟಾಮ್ ಅವರಲ್ಲೊಬ್ಬ.’ ಮಗಳು ಮತ್ತೆ ಪ್ರಶ್ನೆ ಕೇಳಲಿಲ್ಲ.

ಇನ್ನೊಂದು ಸಣ್ಣ ತಲೆನೋವು. ಹನ್ನೆರಡರ ಹುಡುಗನಿಗೆ ‘ಅವನು’ ಅಂದೆ. 2012ರಲ್ಲಿ ಬಂದ ಸುನಾಮಿಯ ಸಿನಿಮಾ ‘ದಿ ಇಂಪಾಸಿಬಲ್’ಗೂ ‘ಅವನು’ ನಡೆಯಿತು. 2024ರಲ್ಲಿ ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದಲ್ಲಿ ರೋಮಿಯೋ ಆಗಿ ನಿಂತವರಿಗೆ ಇಪ್ಪತ್ತೆಂಟು ತುಂಬುತ್ತಿತ್ತು. ಅಲ್ಲಿ ‘ಅವರು’ ಬೇಡವೇ? ಎರಡು ಪುಟದೊಳಗೆ ಯಾವ ಸಾಲಿನಿಂದ ಬಹುವಚನಕ್ಕೆ ಹೊರಳಲಿ? ಸ್ಪೈಡರ್‌ಮ್ಯಾನ್ ಬಂದ ಸಾಲಿನಿಂದ ಅಂತ ಈಗ ಇಟ್ಟಿದ್ದೇನೆ, ಸುಮ್ನೆ ಒಂದು ಗೆರೆ.

ಕರಾವಳಿ, ಮಲೆನಾಡಿನ ಕಡೆಯವರಲ್ಲಿ ಒಂದು ಕೋರಿಕೆ. ಮೇಳದ ವೇಷಧಾರಿ ಒಂದು ರಾತ್ರಿ ಬರದಿದ್ದರೆ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಇನ್ನೊಬ್ಬರು ಆ ವೇಷಕ್ಕೆ ಕೂರುತ್ತಾರಲ್ಲ, ಅವರಿಗೆ ನಿಮ್ಮಲ್ಲಿ ಏನನ್ನುತ್ತಾರೆ? ಹಾಗೇ ಕಂಪನಿ ನಾಟಕದವರ ಮನೆಯಲ್ಲಿ ಬೆಳೆದವರಿದ್ದರೆ ಅವರಲ್ಲಿ ಬಳಕೆಯಿದ್ದ ಮಾತನ್ನೂ ತಿಳಿಸಿ. ಅಂಡರ್‌ಸ್ಟಡಿಯ ಜಾಗ ಇನ್ನೂ ಖಾಲಿ ಬಿಟ್ಟಿದ್ದೇನೆ.