‘ಬಾಡಿಗೆ ಕೊಡು’: ಬೈಕಿನ ಕಪ್ಪು ವಯರಿಗೆ ನಿಮ್ಮ ಕಡೆ ಏನಂತೀರಿ?

ಗೆಳೆಯರೇ, ನಮಸ್ಕಾರ.

ನಮ್ಮನೆ ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ. ಕೆಲಸದ ಮೇಲೆ ಆಗಾಗ ಕುಮಟೆಗೆ ಹೋಗಬೇಕು, ಅಂದರೆ ದೇವಿಮನೆ ಘಟ್ಟ ಇಳಿದು ಹತ್ತಬೇಕು. ಮಳೆಗಾಲದಲ್ಲಿ ಆ ಘಟ್ಟದ ಮಂಜು ಕಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಎದುರಿಗೆ ಬರುವ ಲಾರಿ ಮೂಗಿನ ಹತ್ತಿರ ಬಂದ ಮೇಲೇ ಕಾಣುತ್ತದೆ. ಹಾಗಾಗಿ ಈ ಸಲ ಮಳೆ ಹಿಡಿಯುವ ಮೊದಲು ಬೈಕಿಗೆ ಎರಡು ಹಳದಿ ಎಲ್‌ಇಡಿ ಲೈಟ್ ಹಾಕೋಣ ಅಂತ ಅಂಗಳದಲ್ಲಿ ಕೂತೆ. ಪೇಟೆಯ ಗ್ಯಾರೇಜಿನಲ್ಲಿ ಕೆಲಸ ಮಾಡುವ ದೋಸ್ತ ಫೋನಿನಲ್ಲಿ ಒಂದೊಂದೇ ಹೇಳುತ್ತಿದ್ದ. ಕೈ ಖಾಲಿ ಇರಲಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ಸೀಟಿನ ಮೇಲೆ ಇಟ್ಟಿದ್ದೆ.

‘ಕೆಂಪು ವಯರು ಫ್ಯೂಸಿಗೆ. ಕಪ್ಪು ಬಾಡಿಗೆ ಕೊಡು.’

ಆಯಿ ಜಗಲಿಯಲ್ಲಿ ಚಾಲಿ ಅಡಿಕೆ ಸುಲಿಯುತ್ತಿದ್ದಳು. ಮೆಟ್ಟುಗತ್ತಿಯ ಸದ್ದು ನಿಂತಿತು. ‘ಬೈಕು ಬಾಡಿಗೆ ಕೊಡ್ತ್ಯ ತಮಾ? ಯಾರಿಗೆ?’

ನಾನು ಉತ್ತರ ಹೇಳುವುದರೊಳಗೆ ಫೋನಿನಿಂದ ಮತ್ತೊಂದು ಬಂತು. ‘ರಿಲೇದ ಎಂಬತ್ತೈದನ್ನೂ ಬಾಡಿಗೇ ಕೊಡು.’

‘ಬರೀ ಎಂಬತ್ತೈದು ರೂಪಾಯಿಗಾ?’

ಆಯಿಯದು ತಪ್ಪಿಲ್ಲ. ದೋಸ್ತ ಹೇಳಿದ್ದು ವಯರನ್ನು ಬೈಕಿನ ಬಾಡಿಗೆ, ಅಂದರೆ ಕಬ್ಬಿಣದ ಫ್ರೇಮಿಗೆ, ಜೋಡಿಸು ಅಂತ. ರಿಲೇ ಅಂದರೆ ಸಣ್ಣ ಸ್ವಿಚ್ಚಿನ ಮಾತು ಕೇಳಿ ದೊಡ್ಡ ಕರೆಂಟನ್ನು ತಾನೇ ಹಾಕಿ ತೆಗೆಯುವ ಪುಟ್ಟ ಡಬ್ಬಿ. ಎಂಬತ್ತೈದು ಅನ್ನುವುದು ಅದರ ಒಂದು ಕಾಲಿನ ನಂಬರು. ಗಾಡಿಗಳಿಗೆ ಹಾಕುವ ಸಾಮಾನ್ಯ ರಿಲೇದಲ್ಲಿ 30, 85, 86, 87 ಅಂತ ನಾಲ್ಕು ಕಾಲು ಇರುತ್ತವೆ. ಜರ್ಮನಿಯ ಒಂದು ಮಾನಕದಿಂದ ಬಂದ ನಂಬರುಗಳು ಇವು. ಬ್ಯಾಟರಿಯ ಪ್ಲಸ್ಸಿನಿಂದ ಫ್ಯೂಸ್ ದಾಟಿ ಬಂದದ್ದು 30ಕ್ಕೆ. 87ರಿಂದ ಲೈಟಿಗೆ. ಸ್ವಿಚ್ಚಿನಿಂದ ಬಂದದ್ದು 86ಕ್ಕೆ. ಉಳಿದ 85 ಬಾಡಿಗೆ. ಸ್ವಿಚ್ ಒತ್ತಿದರೆ ಒಳಗೆ ಟಕ್ ಅನ್ನಬೇಕು. ಅಂದರೆ ಲೈಟಿನ ಪೂರ್ತಿ ಕರೆಂಟು ಆ ಸಣ್ಣ ಸ್ವಿಚ್ಚಿನ ಮೇಲೆ ಬೀಳುವುದಿಲ್ಲ. ನನ್ನ ಲೈಟುಗಳು 20 ವ್ಯಾಟಿನ ಎರಡು. 12 ವೋಲ್ಟಿಗೆ ಲೆಕ್ಕ ಹಾಕಿದರೆ ಮೂರೂಕಾಲು ಆಂಪಿಯರಿಗಿಂತ ಸ್ವಲ್ಪ ಜಾಸ್ತಿ. 5 ಆಂಪಿಯರಿನ ಫ್ಯೂಸ್ ಸಾಕು.

ಈಗ ಪದಕ್ಕೆ ಬರುತ್ತೇನೆ. ಇಂಗ್ಲಿಷಿನಿಂದ ಬಂದ ‘ಬಾಡಿ’ ನಮ್ಮಲ್ಲಿ ‘ಇ’ಕಾರದಲ್ಲಿ ಮುಗಿಯುತ್ತದೆ. ಅದಕ್ಕೆ ‘ಗೆ’ ಹತ್ತಿದರೆ ‘ಬಾಡಿಗೆ’. ಮನೆ ಬಾಡಿಗೆಯ ಬಾಡಿಗೆಗೂ ಇದಕ್ಕೂ ಉಚ್ಚಾರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದರ ಮುಂದೆ ಬರುವ ಕ್ರಿಯಾಪದವೂ ಒಂದೇ, ‘ಕೊಡು’. ‘ಫ್ರೇಮಿಗೆ ಕೊಡು’ ಅಂದಿದ್ದರೆ ಆಯಿ ತಲೆ ಎತ್ತುತ್ತಿರಲಿಲ್ಲ. ಆದರೆ ಗ್ಯಾರೇಜಿನಲ್ಲಿ ಯಾರೂ ಹಾಗೆ ಅನ್ನುವುದನ್ನು ನಾನು ಕೇಳಿಲ್ಲ. ಇನ್ನು ಕಾರವಾರದ ಕಡೆಯ ಕೊಂಕಣಿಯಲ್ಲಿ ಬಾಡಿಗೆಗೆ ‘ಭಾಡೆಂ’ ಅನ್ನುತ್ತಾರೆ. ಅಲ್ಲೂ ಕಿವಿಗೆ ಹತ್ತಿರವೇ. ಸಂಸ್ಕೃತದ ‘ಭಾಟಕ’, ಮರಾಠಿಯ ‘ಭಾಡೆ’, ನಮ್ಮ ‘ಬಾಡಿಗೆ’ ಎಲ್ಲ ಒಂದೇ ಬಳ್ಳಿಯವು.

ಬಾಡಿ ಬೇಡ ಅಂದರೆ ಗ್ಯಾರೇಜಿನವರ ಇನ್ನೊಂದು ಪದ ‘ಅರ್ತ್’. ಅದರ ಕಷ್ಟವೂ ಅದೇ ಮಧ್ಯಾಹ್ನ ಗೊತ್ತಾಯಿತು. ಎಲ್ಲ ಜೋಡಿಸಿ ಸ್ವಿಚ್ ಒತ್ತಿದೆ. ರಿಲೇ ಟಕ್ ಅಂತು. ಬಲಗಡೆ ಲೈಟು ಹತ್ತಿತು. ಎಡಗಡೆಯದು ಒಮ್ಮೆ ಮಿಣಮಿಣ ಅಂದು ಸುಮ್ಮನಾಯಿತು.

‘ಅರ್ತ್ ಆಗಿಲ್ಲ’ ಅಂದ ದೋಸ್ತ.

‘ನಂಗೂ ಆಗಿಲ್ಲ, ಇನ್ನೊಂದು ಸಲ ಹೇಳು’ ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ನಾನು ತಮಾಷೆ ಮಾಡಿದೆ ಅಂದುಕೊಂಡನೋ ಏನೋ. ನನಗೆ ನಿಜಕ್ಕೂ ‘ಅರ್ಥ ಆಗಿಲ್ಲ’ ಅಂತಲೇ ಕೇಳಿಸಿತ್ತು.

ವಿಷಯ ಇಷ್ಟೇ. ಎಡಗಡೆ ಲೈಟಿನ ಕಪ್ಪು ವಯರಿನ ತುದಿಯನ್ನು ನಾನು ಫ್ರೇಮಿನ ಬಣ್ಣದ ಮೇಲೇ ಬೋಲ್ಟ್ ಹಾಕಿ ಬಿಗಿದಿದ್ದೆ. ಬಣ್ಣದೊಳಗೆ ಕರೆಂಟು ಹರಿಯುವುದಿಲ್ಲ. ಬೋಲ್ಟ್ ಬಿಚ್ಚಿ, ಪಾಲಿಶ್ ಪೇಪರಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಉಜ್ಜಿ ಬಿಳಿ ಲೋಹ ಕಾಣಿಸಿದ ಮೇಲೆ ಮತ್ತೆ ಬಿಗಿದೆ. ಎಡಗಡೆಯದೂ ಹತ್ತಿತು.

ಆದರೆ ‘ಅರ್ತ್’ ಪದಕ್ಕೆ ನನ್ನ ತಕರಾರು ಬೇರೆ ಇದೆ. ಮನೆಯ ಅರ್ತಿಂಗ್ ಅಂದರೆ ನಿಜಕ್ಕೂ ಮಣ್ಣು. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ ಪೈಪು ಹೂತು, ಬೇಸಿಗೆಯಲ್ಲಿ ಅದಕ್ಕೆ ನೀರು ಬೇರೆ ಹೊಯ್ಯುತ್ತೇವೆ. ಎಲ್ಲ ಸರಿ ಇರುವಾಗ ಆ ತಂತಿಯಲ್ಲಿ ಕರೆಂಟು ಹರಿಯುವುದಿಲ್ಲ. ಎಲ್ಲಾದರೂ ಸೋರಿದಾಗ ಮಾತ್ರ ಅದಕ್ಕೆ ಕೆಲಸ. ಬೈಕು ನಿಂತಿರುವುದು ಎರಡು ರಬ್ಬರ್ ಟಯರಿನ ಮೇಲೆ. ನೆಲಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಬ್ಯಾಟರಿಯ ಮೈನಸ್ಸನ್ನು ದಪ್ಪ ವಯರಿನಲ್ಲಿ ಫ್ರೇಮಿಗೆ, ಎಂಜಿನ್ನಿಗೆ ಕಟ್ಟಿರುತ್ತಾರೆ. ಲೈಟಿಗೆ ಹೋದ ಕರೆಂಟು ಆ ಕಬ್ಬಿಣದ ಮೂಲಕ ವಾಪಸ್ ಬರುತ್ತದೆ. ಅಂದರೆ ಗಾಡಿ ಚಾಲೂ ಇರುವಾಗ ಅಲ್ಲಿ ಹಗಲೂ ರಾತ್ರಿ ಕರೆಂಟು ಹರಿಯುತ್ತಲೇ ಇರುತ್ತದೆ. ಹಗಲೂ ಯಾಕೆ ಅಂದೆ ಅಂದರೆ, 2017ರ ಏಪ್ರಿಲಿನಿಂದ ಬರುವ ಹೊಸ ಬೈಕುಗಳಲ್ಲಿ ಎಂಜಿನ್ ಚಾಲೂ ಇದ್ದಷ್ಟು ಹೊತ್ತೂ ಹೆಡ್‌ಲೈಟು ಉರಿಯುತ್ತದೆ. (ಈಗಲೂ ಎದುರಿಗೆ ಬಂದವರು ಬೆರಳು ಬಿಚ್ಚಿ ಮುಚ್ಚಿ ‘ಲೈಟು ಬಂದ್ ಮಾಡು’ ಅಂತ ಸನ್ನೆ ಮಾಡುತ್ತಾರೆ. ಬಂದ್ ಮಾಡಲು ಸ್ವಿಚ್ಚೇ ಇಲ್ಲ ಮಾರಾಯ್ರೆ!)

ಹೀಗಿರುವಾಗ ಪಠ್ಯಪುಸ್ತಕದ ‘ಭೂಸಂಪರ್ಕ’ ಬೈಕಿಗೆ ಹೇಗೆ ಒಪ್ಪುತ್ತದೆ? ಭೂಮಿಯೂ ಇಲ್ಲ, ಸಂಪರ್ಕವೂ ಇಲ್ಲ. ಶಾಲೆಯಲ್ಲಿ ಕಲಿತ ‘ಋಣ’ ಇದೆ. ಪ್ಲಸ್ಸಿಗೆ ಧನ, ಮೈನಸ್ಸಿಗೆ ಋಣ. ಅದು ಸರಿಯಾದ ಪದವೇ. ಆದರೆ ‘ಋಣದ ವಯರನ್ನು ಬಾಡಿಗೆ ಕೊಡು’ ಅಂದರೆ ಗ್ಯಾರೇಜು ಹೋಗಿ ಸಾಲದ ಸೊಸೈಟಿ ಆಗುತ್ತದೆ.

‘ಮೈ’ ಅನ್ನಬಹುದಲ್ವಾ ಅಂತ ನನಗೆ ಹೊಳೆಯಿತು. ಒಂದೇ ಅಕ್ಷರ, ಅಚ್ಚಗನ್ನಡ. ‘ಕಪ್ಪು ವಯರು ಮೈಗೆ ಕೊಡು.’ ಖುಷಿಯಿಂದ ದೋಸ್ತನಿಗೆ ಹೇಳಿದೆ. ಅವನು ನಕ್ಕ. ‘ಮೈಗೆ ಕೊಟ್ರೆ ಶಾಕ್ ಹೊಡೀತದೆ ಅಂತ ಹುಡುಗ್ರು ವಯರು ಮುಟ್ಟೂದೇ ಬಿಡ್ತ್ರು.’ ಒಣಗಿದ ಕೈಗೆ 12 ವೋಲ್ಟು ಗೊತ್ತೇ ಆಗುವುದಿಲ್ಲ, ಹೊಡೆಯುವುದು ಸ್ಪಾರ್ಕ್ ಪ್ಲಗ್ಗಿನ ವಯರು. ಆದರೂ ಅವನ ಮಾತು ಹೌದು. ಕನ್ನಡದಲ್ಲಿ ಮೈ ಅಂದರೆ ಮೊದಲು ನೆನಪಾಗುವುದು ನಮ್ಮದೇ ಮೈ. ಗಾಡಿಯದ್ದು ಆಮೇಲೆ.

ಹಾಗಾಗಿ ನನ್ನ ಮೊದಲ ಪ್ರಶ್ನೆ: ಧಾರವಾಡ, ಮೈಸೂರು, ಮಂಗಳೂರು ಕಡೆ ಮೆಕ್ಯಾನಿಕ್ಕುಗಳು ಇದಕ್ಕೆ ಏನನ್ನುತ್ತಾರೆ? ಹೊಸದಾಗಿ ಕಟ್ಟಿದ ಪದ ಬೇಡ. ಗ್ರೀಸ್ ಹತ್ತಿದ ಬಾಯಲ್ಲಿ ನಿಜಕ್ಕೂ ಬರುವ ಪದ ಬೇಕು. ನಾನಂತೂ ಬಾಡಿಯನ್ನೇ ಇಟ್ಟುಕೊಳ್ಳುವವನು. ‘ಬಾಡಿ ಮಾಡು’ ಅಂತ ಕ್ರಿಯಾಪದ ಬದಲಿಸಿದರೆ ಗೊಂದಲ ತಪ್ಪೀತೇ ಅಂತ ಒಂದು ಯೋಚನೆ ಇದೆ. ಹಾಗೆ ಹೇಳುವವರು ಎಲ್ಲಾದರೂ ಇದ್ದಾರಾ?

ಎರಡನೆಯದು ಇದರ ಬಾಲ. ಬ್ಯಾಟರಿ ಟರ್ಮಿನಲ್ಲಿನ ಮೇಲೆ ನೀಲಿ ಹಸಿರು ಪುಡಿ ಕಟ್ಟುತ್ತದಲ್ಲ, ಅದಕ್ಕೆ ಏನನ್ನುತ್ತೀರಿ? ಕರಾವಳಿಯ ಉಪ್ಪುಗಾಳಿಗೆ ಬಾಡಿಗೆ ಕೊಟ್ಟ ಜಾಗವೂ ಬೇಗ ಹಾಳಾಗುತ್ತದೆ. ಅದಕ್ಕೇ ಬಿಗಿದ ಮೇಲೆ ಸ್ವಲ್ಪ ಗ್ರೀಸ್ ಸವರಬೇಕು. ಫ್ರೇಮಿನದು ಕಬ್ಬಿಣ, ಅದಕ್ಕೆ ‘ತುಕ್ಕು’ ಸರಿ. ದೋಸ್ತ ಎರಡಕ್ಕೂ ‘ಜಂಗು’ ಅನ್ನುತ್ತಾನೆ. ಆದರೆ ಟರ್ಮಿನಲ್ಲಿನದನ್ನು ನೋಡಿದ ಆಯಿ ತಡವಿಲ್ಲದೆ ‘ಕಿಲುಬು’ ಅಂದಳು. ತಾಮ್ರದ ಹಂಡೆಗೆ, ಹಿತ್ತಾಳೆ ಪಾತ್ರೆಗೆ ಹಿಡಿಯುವ ಅದೇ ಕಿಲುಬು. ಹುಣಸೆಹಣ್ಣು ಹಚ್ಚಿ ತಿಕ್ಕು ಅಂತ ಉಪಾಯವನ್ನೂ ಹೇಳಿದಳು. ನಾನು ಬಿಸಿನೀರು, ಅಡುಗೆ ಸೋಡಾ ಹಾಕಿ ಹಳೇ ಬ್ರಷ್ಷಿನಲ್ಲಿ ತಿಕ್ಕಿದೆ. ಬ್ಯಾಟರಿಯದು ಮೊದಲೇ ಆಸಿಡ್ಡು, ಅದಕ್ಕೆ ಮತ್ತೆ ಹುಳಿ ಯಾಕೆ? ಪದ ಮಾತ್ರ ಆಯಿಯದ್ದೇ ಸರಿ ಅನ್ನಿಸಿತು. ಬ್ಯಾಟರಿಗೆ ‘ಕಿಲುಬು ಹಿಡಿದಿದೆ’ ಅನ್ನುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ಊರಿನ ಹೆಸರು ಸೇರಿಸಿ ಬರೆಯಿರಿ.