ಟ್ರಿಪ್ ಮಧ್ಯೆ ರೂಮಲ್ಲಿ ತಿಗಣೆ ಸಿಕ್ತು, ಮನೆಗೆ ಹೊತ್ಕೊಂಡು ಹೋಗದ ಹಾಗೆ ಏನ್ ಮಾಡ್ಬೇಕು?

ನಿದ್ದೆಗೇಡಿ:
ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟು. ಟ್ರಿಪ್‌ನಲ್ಲಿದೀವಿ, ಬೆಳಗ್ಗೆ ಎದ್ದು ನೋಡಿದ್ರೆ ನನ್ನ ತೋಳು ಮತ್ತೆ ಕುತ್ತಿಗೆ ಹಿಂದೆ ಸಾಲಾಗಿ ಕೆಂಪು ದದ್ದು, ಸಿಕ್ಕಾಪಟ್ಟೆ ನವೆ. ಪಕ್ಕದಲ್ಲೇ ಮಲಗಿದ್ದ ನಮ್ಮ ಯಜಮಾನ್ರಿಗೆ ಒಂದೂ ಇಲ್ಲ, ಅದಕ್ಕೆ ಅವ್ರು ಸೊಳ್ಳೆ ಇರ್ಬೇಕು ಬಿಡು ಅಂತಿದಾರೆ. ನಂಗೆ ಅನುಮಾನ ಬಂದು ಬೆಡ್‌ಶೀಟ್ ಎತ್ತಿದ್ರೆ ಹಾಸಿಗೆ ಅಂಚಿನ ಹೊಲಿಗೆ ಉದ್ದಕ್ಕೂ ಮಸಿ ಪೆನ್ನಲ್ಲಿ ಚುಕ್ಕೆ ಇಟ್ಟ ಹಾಗೆ ಕಪ್ಪು ಕಲೆ, ಮೂಲೇಲಿ ಒಂದು ಚಪ್ಪಟೆ ಕಂದು ಹುಳ ನಿಧಾನಕ್ಕೆ ಹೋಗ್ತಾ ಇತ್ತು. ಟಿಶ್ಯೂನಲ್ಲಿ ಹಿಡಿದಿಟ್ಟಿದೀನಿ.

ಬ್ಯಾಗ್ ರಾತ್ರಿಯೆಲ್ಲಾ ಮಂಚದ ಪಕ್ಕದಲ್ಲೇ ತೆರೆದು ಬಿದ್ದಿತ್ತು. ಟ್ರಿಪ್ ಇನ್ನೂ ಮುಗಿದಿಲ್ಲ, ಆಮೇಲೆ ಮನೆಗೆ ಹೋಗ್ಬೇಕು, ಮನೇಲಿ ಚಿಕ್ಕ ಮಗು ಇದೆ. ಈ ಹುಳ ತಲೆಕೂದಲಲ್ಲಿ ಸೇರ್ಕೊಳ್ಳುತ್ತಾ? ಬಟ್ಟೆ ಎಲ್ಲಾ ಬಿಸಾಕ್ಬೇಕಾ? ರೂಮ್ ಬದ್ಲಾಯಿಸಿದ್ರೆ ಸಾಕಾ? ಗೊತ್ತಿರೋರು ಹೇಳಿ ಪ್ಲೀಸ್, ಆ ಮಂಚದ ಮೇಲೆ ಕೂರೋಕೂ ಮನಸ್ಸಿಲ್ಲ, ಕುರ್ಚಿ ಮೇಲೆ ಕೂತ್ಕೊಂಡು ಟೈಪ್ ಮಾಡ್ತಿದೀನಿ.

ಹಾದಿಹೋಕ:
ಮೇಡಂ ಅದು ತಿಗಣೆನೇ, ಆ ಕಪ್ಪು ಚುಕ್ಕೆ ಅದರ ಹಿಕ್ಕೆ, ಕುಡಿದ ರಕ್ತ ಜೀರ್ಣ ಆಗಿ ಬಂದಿದ್ದು. ಒದ್ದೆ ಬಟ್ಟೇಲಿ ಒರೆಸಿ ನೋಡಿ, ಕಂದು ಬಣ್ಣಕ್ಕೆ ಹರಡ್ಕೊಳ್ಳುತ್ತೆ. ಯಜಮಾನ್ರಿಗೆ ಕಚ್ಚಿಲ್ಲ ಅಂತಲ್ಲ, ಕೆಲವರ ಮೈ ಮೇಲೆ ಗುರುತೇ ಏಳಲ್ಲ, ಕೆಲವರಿಗೆ ಎಷ್ಟೋ ದಿನ ಆದ್ಮೇಲೆ ಏಳುತ್ತೆ. ಹಾಗಾಗಿ ದದ್ದು ನೋಡಿ ತೀರ್ಮಾನ ಮಾಡೋಕಾಗಲ್ಲ, ನೀವು ಹುಳ ಹಿಡಿದಿದ್ದು ಒಳ್ಳೇದಾಯ್ತು. ಅದನ್ನ ಬಿಸಾಕ್ಬೇಡಿ, ಪಾರದರ್ಶಕ ಟೇಪಿಗೆ ಅಂಟಿಸಿ, ಹಾಸಿಗೆ ಅಂಚಿನ ಫೋಟೋ ತೆಗೆದು ರಿಸೆಪ್ಶನ್‌ಗೆ ತೋರಿಸಿ. ಜಗಳಕ್ಕೆ ನಿಲ್ಬೇಡಿ, ತಿಗಣೆ ಎಷ್ಟೇ ಕ್ಲೀನಾಗಿರೋ ದೊಡ್ಡ ಹೋಟೆಲಲ್ಲೂ ಬರುತ್ತೆ, ಅದಕ್ಕೆ ಬೇಕಿರೋದು ಕೊಳೆ ಅಲ್ಲ, ಮಲಗಿರೋ ಮನುಷ್ಯ. 2023ರಲ್ಲಿ ಪ್ಯಾರಿಸ್‌ನಲ್ಲಿ ಇದೇ ವಿಷಯಕ್ಕೆ ಎಂಥ ಗದ್ದಲ ಆಯ್ತು ಅಂತ ನೆನಪಿರ್ಬೇಕಲ್ಲ.

ರೂಮ್ ಬದ್ಲಾಯಿಸಿ, ಆದ್ರೆ ಪಕ್ಕದ್ದು, ನೇರ ಮೇಲಿಂದು, ನೇರ ಕೆಳಗಿಂದು ಕೊಟ್ರೆ ಬೇಡ ಅನ್ನಿ, ಯಾಕಂದ್ರೆ ಗೋಡೆ ಬಿರುಕು, ಸ್ವಿಚ್ ಬೋರ್ಡ್, ಪೈಪ್ ಸಂದಿ ಹಿಡ್ಕೊಂಡು ಅವು ಆಕಡೆಗೂ ಹೋಗಿರ್ತವೆ. ದೂರದ ರೂಮ್ ಕೇಳಿ. ಹೊಸ ರೂಮಿಗೆ ಹೋದ ತಕ್ಷಣ ಬ್ಯಾಗ್ ಮಂಚದ ಮೇಲೆ ಎಸೀಬೇಡಿ, ಮೊದ್ಲು ಬಾತ್‌ರೂಮಲ್ಲಿಡಿ. ಆಮೇಲೆ ಮೊಬೈಲ್ ಟಾರ್ಚ್ ಹಾಕ್ಕೊಂಡು ತಲೆ ಕಡೆಯಿಂದ ಶುರು ಮಾಡಿ, ಹಾಸಿಗೆ ನಾಲ್ಕೂ ಮೂಲೆ, ಹೊಲಿಗೆ ಮಡಿಕೆ, ತಲೆ ಹಿಂದಿನ ಹಲಗೆಗೂ ಗೋಡೆಗೂ ಮಧ್ಯದ ಸಂದಿ, ಮಂಚದ ಸ್ಕ್ರೂ ತೂತು, ಪಕ್ಕದ ಟೇಬಲ್ ಡ್ರಾಯರ್ ತಳ ನೋಡಿ. ಹಳೇ ಎಟಿಎಂ ಕಾರ್ಡೋ ಏನೋ ಇದ್ರೆ ಸಂದಿಯೊಳಗೆ ಎಳೆದು ನೋಡಿ, ಅಡಗಿದ್ರೆ ಹೊರಗೆ ಬರುತ್ತೆ. ಬಿಳಿಚಿಕೊಂಡ ಪೊರೆ, ಸಾಸಿವೆಗಿಂತ ಚಿಕ್ಕ ಬಿಳಿ ಮೊಟ್ಟೆ ಕಂಡ್ರೂ ಅದೇ ಅರ್ಥ. ಇಷ್ಟೆಲ್ಲಾ ಹತ್ತು ನಿಮಿಷದ ಕೆಲಸ, ನಾನಂತೂ ಈಗ ಎಲ್ಲಿ ಹೋದ್ರೂ ಮಾಡ್ತೀನಿ, ಜೊತೇಲಿರೋರು ನಕ್ಕರೆ ನಗ್ಲಿ.

ಮೂಟೆಗಂಟು:
ಇಷ್ಟಕ್ಕೆಲ್ಲಾ ಟೆನ್ಶನ್ ಯಾಕೆ ಅಕ್ಕ, ಬ್ಯಾಗಲ್ಲಿ ನಾಲ್ಕು ನುಸಿ ಗುಳಿಗೆ ಹಾಕಿ, ಒಂದು ಬಾಟಲ್ ಸೊಳ್ಳೆ ಸ್ಪ್ರೇ ಹೊಡೀರಿ, ಮನೆಗೆ ಹೋಗಿ ಬಿಸಿಲಿಗೆ ಹರಡಿ, ಮುಗೀತು. ಲೈಟ್ ಹಾಕ್ಕೊಂಡು ಮಲಗಿದ್ರೆ ಹತ್ರನೂ ಬರಲ್ಲ.

ಸುಣ್ಣದಡಬ್ಬಿ:
ಮೂಟೆಗಂಟು ಅವ್ರೆ ಬೇಜಾರ್ ಮಾಡ್ಕೋಬೇಡಿ, ನಾನು ಪೆಸ್ಟ್ ಕಂಟ್ರೋಲ್ ಕೆಲಸದಲ್ಲೇ ಇರೋದು, ನೀವು ಹೇಳಿದ ನಾಲ್ಕರಲ್ಲಿ ನಾಲ್ಕೂ ಕೈ ಕೊಡುತ್ತೆ. ಹಸಿದ ತಿಗಣೆ ಲೈಟ್ ಇದ್ರೂ ಬರುತ್ತೆ. ನಾವು ಬಿಡೋ ಉಸಿರಿನ ಕಾರ್ಬನ್ ಡೈಆಕ್ಸೈಡು, ಮೈ ಬಿಸಿ, ಮೈ ವಾಸನೆ ಹಿಡ್ಕೊಂಡು ಬರೋದು ಅದು. ನುಸಿ ಗುಳಿಗೆ ಸುಮ್ನೆ ಬ್ಯಾಗಿಗೆ ವಾಸನೆ. ಸ್ಪ್ರೇ ವಿಷಯ ಹೇಳ್ಬೇಕಂದ್ರೆ ಅಂಗಡೀಲಿ ಸಿಗೋ ಬಹುಪಾಲು ಸ್ಪ್ರೇನಲ್ಲಿರೋದು ಪೈರೆಥ್ರಾಯ್ಡ್ ಜಾತಿ ಔಷಧಿ, ತಿಗಣೆಗಳು ಅದನ್ನ ತಡ್ಕೊಳ್ಳೋದು ಕಲ್ತು ಎಷ್ಟೋ ವರ್ಷ ಆಯ್ತು, ಅದಕ್ಕೂ ಮೊದ್ಲು ಡಿಡಿಟಿಗೂ ಹೀಗೇ ಆಗಿತ್ತು. ಮೇಲಾಗಿ ಹಾಕ್ಕೊಳ್ಳೋ ಬಟ್ಟೆಗೆ, ಮಲಗೋ ಹಾಸಿಗೆಗೆ ಕಂಡಕಂಡ ಸ್ಪ್ರೇ ಹೊಡೆದ್ರೆ ತೊಂದ್ರೆ ತಿಗಣೆಗಿಂತ ಜಾಸ್ತಿ ನಿಮಗೇ. ಸ್ಪಿರಿಟ್ ಚಿಮುಕಿಸೋದಂತೂ ಬೇಡವೇ ಬೇಡ, ಬೆಂಕಿ ಹತ್ಕೊಂಡ್ರೆ ಯಾರು ನೋಡೋದು.

ನಿದ್ದೆಗೇಡಿ ಮೇಡಂ, ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಕಡಿತ ಒಂದೆರಡು ವಾರಕ್ಕೆ ವಾಸಿ ಆಗುತ್ತೆ, ನೀವು ತಲೆ ಕೆಡಿಸ್ಕೋಬೇಕಾಗಿರೋದು ಬ್ಯಾಗ್ ಬಗ್ಗೆ. ತಿಗಣೆ ಹೇನಿನ ಥರ ಕೂದಲಲ್ಲಿ, ಮೈ ಮೇಲೆ ವಾಸ ಮಾಡಲ್ಲ, ಹಾರಲ್ಲ, ನೆಗೆಯಲ್ಲ. ಬರುತ್ತೆ, ಐದ್ಹತ್ತು ನಿಮಿಷ ಕುಡಿಯುತ್ತೆ, ವಾಪಸ್ ಸಂದಿ ಸೇರುತ್ತೆ. ಆ ಸಂದಿ ನಿಮ್ಮ ಸೂಟ್‌ಕೇಸ್ ಜಿಪ್ ಪಕ್ಕದ್ದಾದ್ರೆ ನಿಮ್ಮ ಜೊತೆ ಮನೆಗೆ ಬರುತ್ತೆ. ಅದ್ರಲ್ಲಿ ಗರ್ಭ ಕಟ್ಟಿರೋ ಹೆಣ್ಣು ಒಂದು ಬಂದ್ರೂ ಸಾಕು.

ಹಾಕಿ ಬಿಟ್ಟ ಬಟ್ಟೆ ನೆಲದ ಮೇಲೆ ಬಿಡ್ಬೇಡಿ. 2017ರಲ್ಲಿ ಬ್ರಿಟನ್ನಿನ ಶೆಫೀಲ್ಡ್ ಯೂನಿವರ್ಸಿಟಿಯವರು ಒಗೆದ ಬಟ್ಟೆ, ಹಾಕಿದ ಬಟ್ಟೆ ಎರಡನ್ನೂ ಒಂದೇ ರೂಮಲ್ಲಿಟ್ಟು ತಿಗಣೆ ಬಿಟ್ಟು ನೋಡಿದ್ರು, ಹಾಕಿದ ಬಟ್ಟೆ ಮೇಲೆ ಸೇರ್ಕೊಳ್ಳೋ ಸಾಧ್ಯತೆ ಎರಡು ಪಟ್ಟು ಇತ್ತು. ಹಾಗಾಗಿ ಕೊಳೆ ಬಟ್ಟೆ ಆವತ್ತಾವತ್ತೇ ಗಟ್ಟಿ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ.

ಬಿಸಾಕೋ ಅವಶ್ಯಕತೆ ಇಲ್ಲ, ಶಾಖ ಕೊಟ್ರೆ ಸಾಕು. 48 ಡಿಗ್ರಿ ಸೆಲ್ಸಿಯಸ್‌ನಲ್ಲಿ ದೊಡ್ಡ ತಿಗಣೆ ಇಪ್ಪತ್ತು ನಿಮಿಷಕ್ಕೆ ಸಾಯುತ್ತೆ, ಆದ್ರೆ ಅದೇ ಶಾಖಕ್ಕೆ ಮೊಟ್ಟೆ ಸಾಯೋಕೆ ಒಂದು ಗಂಟೆ ಮೇಲೇ ಬೇಕು, ಶಾಖ ಇನ್ನೂ ಜಾಸ್ತಿ ಆದ್ರೆ ಎರಡೂ ಬೇಗ ಹೋಗ್ತವೆ. ಎಲ್ಲಾದ್ರೂ ಲಾಂಡ್ರಿಯಲ್ಲಿ ಡ್ರೈಯರ್ ಸಿಕ್ಕಿದ್ರೆ ಒಣಗಿರೋ ಬಟ್ಟೆನ ಹಾಗೇ, ಒಗೆಯೋಕೂ ಮುಂಚೆನೇ, ಫುಲ್ ಹೀಟ್‌ನಲ್ಲಿ ಅರ್ಧ ಗಂಟೆ ತಿರುಗಿಸಿ. ಒದ್ದೆ ಬಟ್ಟೆ ಹಾಕಿದ್ರೆ ಮೊದ್ಲರ್ಧ ಟೈಮ್ ನೀರು ಒಣಗಿಸೋದಕ್ಕೇ ಹೋಗುತ್ತೆ. ತುಂಬಾ ತುರುಕ್ಬೇಡಿ, ಮಧ್ಯದ ಬಟ್ಟೆಗೂ ಶಾಖ ತಲುಪ್ಬೇಕು. ಡ್ರೈಯರ್ ಇಲ್ಲಾಂದ್ರೆ 60 ಡಿಗ್ರಿ ಬಿಸಿನೀರಲ್ಲಿ ಒಗೀರಿ. ತಣ್ಣೀರಲ್ಲಿ ಒಗೆದ್ರೆ ಕೊಳೆ ಹೋಗುತ್ತೆ, ತಿಗಣೆ ಹೋಯ್ತು ಅಂತ ಗ್ಯಾರಂಟಿ ಇಲ್ಲ.

ಬಿಸಿಲಿಗೆ ಹರಡೋದು ಯಾಕೆ ಬೇಡ ಅಂದ್ರೆ, ಬಿಸಿ ತಗುಲಿದ ತಕ್ಷಣ ಅದು ತಂಪಿರೋ ಕಡೆಗೆ, ಅಂದ್ರೆ ಮಡಿಕೆಯೊಳಗೆ, ಬ್ಯಾಗ್ ತಳಕ್ಕೆ ಸರಿಯುತ್ತೆ, ಹರಡಿದ್ದು ಮನೆ ಹತ್ರ ಆದ್ರೆ ನೆಲಕ್ಕಿಳಿದು ಒಳಗೇ ಬರುತ್ತೆ. ಕಪ್ಪು ಕವರ್‌ನಲ್ಲಿ ಕಟ್ಟಿ ಬಿಸಿಲಲ್ಲಿಡೋದು ಕೆಲವು ಸಲ ವರ್ಕ್ ಆಗುತ್ತೆ, ಆದ್ರೆ ಗಂಟಿನ ನಡುಮಧ್ಯೆ ಥರ್ಮಾಮೀಟರ್ ಇಟ್ಟು 50 ದಾಟಿದ್ದು ನೋಡಿದ್ರೆ ಮಾತ್ರ ನಂಬಿ.

ಕಪ್ಪೆಚಿಪ್ಪು:
ಕಡಿತದ ಬಗ್ಗೆ ನಾನು ಎರಡು ಮಾತು ಹೇಳ್ತೀನಿ. ತಿಗಣೆಯಿಂದ ಮನುಷ್ಯರಿಗೆ ಕಾಯಿಲೆ ಹರಡುತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಅದಕ್ಕೆ ಹೆದರಿ ಬ್ಲಡ್ ಟೆಸ್ಟ್ ಅದೂ ಇದೂ ಅಂತ ಓಡ್ಬೇಡಿ. ಸೋಪು ನೀರಲ್ಲಿ ತೊಳ್ಕೊಂಡು ಐಸ್‌ನ ಬಟ್ಟೇಲಿ ಸುತ್ತಿ ಒತ್ತಿ, ನವೆ ತಡೆಯೋಕಾಗ್ಲಿಲ್ಲ ಅಂದ್ರೆ ಕ್ಯಾಲಮೈನ್ ಹಚ್ಚಿ ಅಥವಾ ಮೆಡಿಕಲ್ ಶಾಪಲ್ಲಿ ಕೇಳಿ ಅಲರ್ಜಿ ಮಾತ್ರೆ ತಗೊಳ್ಳಿ, ಬೇರೆ ಮಾತ್ರೆ ತಗೋತಿದ್ರೆ ಅದನ್ನೂ ಹೇಳಿ. ಕೆರೆದು ಗಾಯ ಮಾಡ್ಕೋಬೇಡಿ, ಕೀವಾಗೋದು ಕೆರೆದಿದ್ದಕ್ಕೆ. ಮುಖ, ತುಟಿ ಊದಿಕೊಂಡ್ರೆ, ಉಸಿರಾಟಕ್ಕೆ ಕಷ್ಟ ಆದ್ರೆ, ಮೈ ತುಂಬಾ ಗುಳ್ಳೆ ಎದ್ರೆ ಮಾತ್ರ ಕಾಯ್ಬೇಡಿ, ಡಾಕ್ಟರ್ ಹತ್ರ ಹೋಗಿ.

ನಿದ್ದೆಗೇಡಿ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಫೋಟೋ ತೋರಿಸಿದ ತಕ್ಷಣ ಬೇರೆ ಫ್ಲೋರಲ್ಲಿ ರೂಮ್ ಕೊಟ್ರು, ಟಾರ್ಚ್ ಹಿಡ್ಕೊಂಡು ನೋಡಿದ್ವಿ, ಏನೂ ಸಿಗ್ಲಿಲ್ಲ (ಯಜಮಾನ್ರೇ ಮಂಚದ ಕೆಳಗೆ ಮಲಗಿ ಹುಡುಕಿದ್ರು, ಸೊಳ್ಳೆ ಥಿಯರಿ ವಾಪಸ್ ತಗೊಂಡಿದಾರೆ). ಬಟ್ಟೆ ಎಲ್ಲಾ ಡ್ರೈಯರ್‌ಗೆ ಕೊಟ್ಟಾಯ್ತು. ಈಗ ಉಳಿದಿರೋದು ಲೆದರ್ ಶೂ, ಲ್ಯಾಪ್‌ಟಾಪ್, ಎರಡು ಪುಸ್ತಕ, ಮಗೂಗೆ ಅಂತ ತಗೊಂಡ ಟೆಡ್ಡಿ, ಮತ್ತೆ ಆ ಸೂಟ್‌ಕೇಸು. ಇವನ್ನೆಲ್ಲಾ ಡ್ರೈಯರ್‌ಗೆ ಹಾಕೋಕಾಗಲ್ವಲ್ಲ. ಕವರ್‌ನಲ್ಲಿ ಕಟ್ಟಿ ಒಂದು ತಿಂಗಳು ಮೂಲೇಲಿ ಇಟ್ಟುಬಿಟ್ರೆ ಹಸಿವಿಗೇ ಸಾಯಲ್ವಾ?

ಸುಣ್ಣದಡಬ್ಬಿ:
ಒಂದು ತಿಂಗಳು ಸಾಲಲ್ಲ ಮೇಡಂ, ಊಟ ಇಲ್ದೆ ತಿಂಗಳುಗಟ್ಲೆ ಬದುಕ್ತವೆ, ತಣ್ಣಗಿರೋ ಜಾಗದಲ್ಲಾದ್ರೆ ಇನ್ನೂ ಜಾಸ್ತಿ. ಪುಸ್ತಕ, ಶೂ ಎರಡನ್ನೂ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ ಡೀಪ್ ಫ್ರೀಜರ್‌ಗೆ ಹಾಕಿ, ಮೈನಸ್ 18 ಡಿಗ್ರಿ ಇರ್ಬೇಕು, ನಾಲ್ಕು ದಿನ ಬಿಡಿ, ವಸ್ತು ದಪ್ಪ ಇದ್ರೆ ಇನ್ನೂ ಒಂದೆರಡು ದಿನ ಜಾಸ್ತಿ. ಫ್ರಿಜ್ ಮೇಲ್ಗಡೆ ಐಸ್ ಬಾಕ್ಸ್ ಕೆಲವು ಅಷ್ಟು ತಣ್ಣಗಾಗಲ್ಲ, ಚೆಕ್ ಮಾಡ್ಕೊಳ್ಳಿ. ಹೊರಗೆ ತೆಗೆದ ಮೇಲೆ ಕವರ್ ತಕ್ಷಣ ಬಿಚ್ಬೇಡಿ, ಮೊದ್ಲು ರೂಮ್ ಬಿಸಿಗೆ ಬರ್ಲಿ, ಇಲ್ಲಾಂದ್ರೆ ಲೆದರ್ ಮೇಲೆ ನೀರು ಕಟ್ಟುತ್ತೆ. ಟೆಡ್ಡಿ ಲೇಬಲ್ ನೋಡಿ, ಡ್ರೈಯರ್ ಓಕೆ ಅಂತ ಇದ್ರೆ ಅಲ್ಲಿಗೆ, ಇಲ್ಲಾಂದ್ರೆ ಅದೂ ಫ್ರೀಜರ್‌ಗೆ. ಲ್ಯಾಪ್‌ಟಾಪ್‌ಗೆ ಶಾಖವೂ ಬೇಡ ಫ್ರೀಜರೂ ಬೇಡ, ಗಾಳಿ ಕಿಂಡಿ, ರಬ್ಬರ್ ಕಾಲಿನ ಸುತ್ತ ಟಾರ್ಚ್ ಹಾಕಿ ನೋಡಿ ಒರೆಸಿ, ಅದರ ಬಟ್ಟೆ ಕವರ್ ಮಾತ್ರ ಡ್ರೈಯರ್‌ಗೆ ಹಾಕಿ.

ಸೂಟ್‌ಕೇಸ್‌ನ ಮನೆಯೊಳಗೆ, ಅದರಲ್ಲೂ ಬೆಡ್‌ರೂಮಿಗೆ ತಗೊಂಡು ಹೋಗ್ಬೇಡಿ. ಬಾತ್‌ರೂಮಲ್ಲೋ ಹೊರಗೋ ಖಾಲಿ ಮಾಡಿ, ಸಣ್ಣ ಮೂತಿ ಹಾಕಿ ವ್ಯಾಕ್ಯೂಮ್ ಹೊಡೀರಿ, ಜಿಪ್ ಉದ್ದಕ್ಕೆ, ಒಳಗಿನ ಲೈನಿಂಗ್ ಹೊಲಿಗೆ, ಚಕ್ರದ ಬುಡ, ಹ್ಯಾಂಡಲ್ ಎಳೆಯೋ ತೂತು ಎಲ್ಲಾ. ವ್ಯಾಕ್ಯೂಮ್ ಒಳಗಿನ ಕಸ ತಕ್ಷಣ ಕವರ್‌ನಲ್ಲಿ ಕಟ್ಟಿ ಹೊರಗಿನ ಡಬ್ಬಕ್ಕೆ ಹಾಕಿ. ಬಟ್ಟೆ ಸ್ಟೀಮರ್ ಇದ್ರೆ ಅದೇ ಜಾಗದಲ್ಲೇ ತುಂಬಾ ನಿಧಾನಕ್ಕೆ ಆಡಿಸಿ, ಜೋರಾಗಿ ಊದೋ ಮೂತಿ ಆದ್ರೆ ಹುಳ ಸಾಯೋ ಬದ್ಲು ಹಾರಿ ಆಚೆ ಬೀಳುತ್ತೆ.

ಮೂಟೆಗಂಟು:
ಆಯ್ತು ಗುರು ಒಪ್ಕೊಂಡೆ, ನುಸಿ ಗುಳಿಗೆ ಬೀರುಗೇ ಇರ್ಲಿ. ಮನೆಗೆ ಹೋದ್ಮೇಲೆ ಬಂದಿಲ್ಲ ಅಂತ ಗ್ಯಾರಂಟಿ ಆಗೋದು ಹೇಗೆ, ಕಚ್ಚಿದ್ರೆ ತಾನೆ ಗೊತ್ತಾಗೋದು?

ಸುಣ್ಣದಡಬ್ಬಿ:
ಮೇಲೆ ಹಾದಿಹೋಕ ಹೇಳಿದ್ರಲ್ಲ, ಮೈ ನಂಬೋಕಾಗಲ್ಲ. ಮೊಟ್ಟೆ ಒಡೆಯೋಕೆ ಸಾಮಾನ್ಯವಾಗಿ ಆರರಿಂದ ಹತ್ತು ದಿನ, ಮರಿ ದೊಡ್ಡದಾಗೋಕೆ ಐದು ಸಲ ಪೊರೆ ಬಿಡ್ಬೇಕು, ಪ್ರತಿ ಸಲಕ್ಕೂ ಒಂದು ಸಲ ರಕ್ತ ಬೇಕು. ಅಂದ್ರೆ ಎರಡು ತಿಂಗಳವರೆಗೂ ವಾರಕ್ಕೊಂದ್ಸಲ ಬೆಡ್‌ಶೀಟ್ ಬದ್ಲಾಯಿಸೋವಾಗ ಹಾಸಿಗೆ ಅಂಚು, ಮಂಚದ ಸಂದಿ ನೋಡ್ತಾ ಇರಿ. ಮಂಚದ ಕಾಲು ನಾಲ್ಕಕ್ಕೂ ನುಣುಪು ಒಳಗೋಡೆ ಇರೋ ಪ್ಲಾಸ್ಟಿಕ್ ಬಟ್ಟಲು ಇಡ್ಬಹುದು, ಹತ್ತೋಕೆ ಬಂದಿದ್ದು ಒಳಗೆ ಬಿದ್ದು ಸಿಕ್ಕಾಕೊಳ್ಳುತ್ತೆ. ಬಿಸಿ ಪ್ರದೇಶದ ಕಡೆ ಇರೋ ತಿಗಣೆ ಜಾತಿ ನುಣುಪು ಗೋಡೆನೂ ಹತ್ತುತ್ತೆ, ಅದಕ್ಕೆ ಬಟ್ಟಲಿನ ಒಳಗೋಡೆಗೆ ತೆಳ್ಳಗೆ ಟಾಲ್ಕಂ ಪೌಡರ್ ಸವರಿ. ಹೊದಿಕೆ ನೆಲಕ್ಕೆ ಇಳಿಬಿದ್ದಿದ್ರೆ, ಮಂಚ ಗೋಡೆಗೆ ತಾಗಿದ್ರೆ ಬಟ್ಟಲು ಇಟ್ಟೂ ಉಪಯೋಗ ಇಲ್ಲ, ಅವು ಆಕಡೆಯಿಂದ ಹತ್ಕೊಂಡು ಬರ್ತವೆ.