ತೊಗರಿ ಹಸಿರಾಗಿದೆ ಅಂತ ಸುಮ್ನೆ ಕೂರಬೇಡಪ್ಪಾ

ತಮ್ಮಾ, ಬೆಳಿಗ್ಗೆ ನೀನು ಹಾಕಿದ ಫೋಟೋ ಈಗ ನೋಡಿದೆ. ಬರೆಯುತ್ತಾ ಕೂತರೆ ಕತ್ತಲಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆದರೂ ಪೂರ್ತಿ ಕೇಳು.

"ದೊಡ್ಡಮ್ಮಾ, ನಲವತ್ತು ದಿನದ ತೊಗರಿ, ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಎಲೆ ಸಣ್ಣದಾಗಿ ತಿಳಿಹಳದಿ ಮಚ್ಚೆ ಬಂದಿದೆ, ಯೂರಿಯಾ ಕೊಡಲಾ" ಅಂತ ಕೇಳಿದ್ದೀಯ. ಬೇಡ. ಚೀಲ ಬಿಚ್ಚಲೇ ಬೇಡ. ಗೊಬ್ಬರ ಸಾಲದಿದ್ದರೆ ಹೊಲದ ಒಂದು ಕಡೆಯೇ ಬಿಳಚಿಕೊಳ್ಳುತ್ತದೆ. ಹೀಗೆ ಚೆನ್ನಾಗಿರುವ ಗಿಡದ ಪಕ್ಕದಲ್ಲೇ ಒಂದು ಗಿಡ ಮುದುಡಿ ಪೊದೆಯಾಗುವುದಿಲ್ಲ. ಇದು ಗೊಡ್ಡು ರೋಗ. ಫೋಟೋ ನೋಡಿದ ತಕ್ಷಣ ನನ್ನ ಎದೆ ಧಸಕ್ ಅಂತು.

ನಮ್ಮ ಕೆರೆ ಹಿಂದಿನ ಹೊಲ ಗೊತ್ತಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆಯಿತಲ್ಲ, ನಮ್ಮ ಜಗಳೂರು ಚಿತ್ರದುರ್ಗ ಬಿಟ್ಟು ಈ ಕಡೆ ಸೇರಿತಲ್ಲ, ಆ ವರ್ಷದ ಮಾತು. ಮೃಗಶಿರಾ ಮಳೆಗೆ ಶೇಂಗಾ ಬಿತ್ತಿ, ನಡುವೆ ತೊಗರಿ ಅಕ್ಕಡಿ ಹಾಕಿದ್ದೆವು. ಅದಕ್ಕೂ ಹಿಂದೆ ಎರಡು ವರ್ಷ ಸೊರಗು ರೋಗ ಬಂದು ಗಿಡ ನಿಂತಲ್ಲೇ ಒಣಗಿದ್ದವು. ಹಾಗಾಗಿ ನಿಮ್ಮ ದೊಡ್ಡಪ್ಪ ಹುಡುಕಿ ಮಾರುತಿ ತಳಿಯ ಬೀಜ ತಂದರು. ಸೊರಗು ನಿಜವಾಗಿಯೂ ಬರಲಿಲ್ಲ. ಮಾರುತಿ ಸೊರಗನ್ನು ತಡೆಯುತ್ತದೆ. ಆದರೆ ಗೊಡ್ಡು ರೋಗ ತಡೆಯುವ ಶಕ್ತಿ ಅದಕ್ಕಿಲ್ಲ. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಕಳೆ ತೆಗೆಯುವಾಗ ನಾನೇ ಮೊದಲು ನೋಡಿದ್ದು. ಹತ್ತೋ ಹನ್ನೆರಡೋ ಗಿಡ, ನಿನ್ನ ಫೋಟೋದಲ್ಲಿ ಇರುವ ಹಾಗೆಯೇ. ಮನೆಗೆ ಬಂದು ನಿಮ್ಮ ದೊಡ್ಡಪ್ಪನಿಗೆ ಹೇಳಿದೆ. "ಎಲೆ ಇದೆ, ಹಸಿರಿದೆ, ಇನ್ನೇನು ಬೇಕು" ಅಂದರು. ಅಂಗಡಿಯವನೊಬ್ಬ ಒಂದು ಔಷಧ ಕೊಟ್ಟ, ಅದು ಮುಗಿದ ಮೇಲೆ ಇನ್ನೊಂದು ಕೊಟ್ಟ. ಯಾವುದೂ ತಾಗಲಿಲ್ಲ. ಗಿಡ ಮಾತ್ರ ಸಾಯಲಿಲ್ಲ, ದಿನದಿನಕ್ಕೆ ಪೊದೆಯಾಗುತ್ತಾ ಹೋಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿ "ತೊಗರಿ ಎಷ್ಟು ಚೆನ್ನಾಗಿ ಬಂದಿದೆ" ಅನ್ನುತ್ತಿದ್ದರು. ದೀಪಾವಳಿ ಹೊತ್ತಿಗೆ ಸುತ್ತಲ ಹೊಲವೆಲ್ಲ ಹಳದಿ ಹೂವು. ನಮ್ಮಲ್ಲಿ ಬರೀ ಎಲೆ. ಹತ್ತು ಗಿಡದಲ್ಲಿದ್ದದ್ದು ಆಗ ಅರ್ಧ ಹೊಲಕ್ಕೆ ಹರಡಿತ್ತು. ಸಂಕ್ರಾಂತಿಗೆ ಎಲ್ಲರೂ ತೊಗರಿ ಬಡಿಯುತ್ತಿದ್ದರೆ ನಾವು ಗಿಡ ಕೊಯ್ದು ಎತ್ತಿಗೆ ಹಾಕಿದೆವು. ಆ ವರ್ಷ ಪೂರ್ತಿ ಸಂತೆಯಲ್ಲಿ ಬೇಳೆ ಕೊಂಡು ತಿಂದೆವು, ತೊಗರಿ ಬಿತ್ತಿದ ಮನೆಯವರು.

ಅದಕ್ಕೇ ಹೇಳುತ್ತೇನೆ, ಹಸಿರು ನೋಡಿ ಮೋಸ ಹೋಗಬೇಡ. ಆ ಗಿಡ ಹೂವು ಬಿಡುವುದಿಲ್ಲ.

ಆಮೇಲೆ ಕೃಷಿ ವಿಜ್ಞಾನ ಕೇಂದ್ರದವರು ಊರಿಗೆ ಬಂದಾಗ ನಾನೇ ಗಿಡ ಹಿಡಿದುಕೊಂಡು ಹೋಗಿ ಕೇಳಿದೆ. ಇದು ವೈರಸ್ ಅಂತೆ. ಅದನ್ನು ಹೊತ್ತು ತರುವುದು ಒಂದು ನುಸಿ. ಮಿಲಿಮೀಟರಿನ ಐದನೇ ಒಂದು ಭಾಗದಷ್ಟೇ ಇರುತ್ತದೆ, ಬರಿಗಣ್ಣಿಗೆ ಕಾಣುವುದೇ ಇಲ್ಲ. ಎಲೆಯ ಕೆಳಗೆ ಕೂತು ರಸ ಹೀರುತ್ತದೆ, ಗಾಳಿಯಲ್ಲಿ ತೇಲಿ ಮುಂದಿನ ಗಿಡಕ್ಕೆ ಹೋಗುತ್ತದೆ. ಬಿಹಾರದ ಪೂಸಾದಲ್ಲಿ 1931ರಲ್ಲೇ ಈ ರೋಗ ಗುರುತಿಸಿದ್ದರು. ಆದರೆ ಒಳಗಿರುವ ವೈರಸ್ ಕೈಗೆ ಸಿಗಲು 2000ದ ಹತ್ತಿರ ಬರಬೇಕಾಯಿತು. ಬೀಜದಿಂದ ಇದು ಬರುವುದಿಲ್ಲ. ಹಾಗಾದರೆ ಎಲ್ಲಿಂದ ಬಂತು ಅಂದೆ. "ಅಕ್ಕಪಕ್ಕ ಹಳೇ ತೊಗರಿ ಇದೆಯಾ" ಅಂತ ಕೇಳಿದರು.

ಇತ್ತು ತಮ್ಮಾ. ನಮ್ಮ ಭಾವನ ಬದುವಿನ ಮೇಲೆ ಹಿಂದಿನ ವರ್ಷದ ಐದಾರು ಗಿಡ ಹಾಗೇ ಚಿಗುರಿಕೊಂಡಿದ್ದವು. ಹಸಿಕಾಯಿಗೆ ಆಗುತ್ತದೆ, ಕಟ್ಟಿಗೆಗೆ ಆಗುತ್ತದೆ ಅಂತ ಬಿಟ್ಟಿದ್ದರು. ಬೇಸಿಗೆಯಲ್ಲಿ ನುಸಿಗೂ ರೋಗಕ್ಕೂ ಅದೇ ಮನೆ. ಮುಂದಿನ ವರ್ಷ ಕಿತ್ತುಬಿಡಿ ಅಂತ ಕೇಳಿಕೊಂಡೆ. "ನನ್ನ ಬದುವಿನ ವಿಷಯ ನಿನಗೇಕೆ" ಅಂದರು. ಪಾಲಾದ ಮೇಲೆ ಅವರಿಗೆ ನನ್ನ ಮಾತೆಲ್ಲ ಜಗಳವೇ. ಭಾವ ಈಗಿಲ್ಲ, ಹೋದವರನ್ನು ಅನ್ನಬಾರದು. ಆದರೂ ಹೇಳುತ್ತೇನೆ, ನೋವಾಯಿತು. ದಿನಾ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವವರು ನಾವು. ಯಾವ ಎಲೆ ಹೇಗಿದೆ ಅಂತ ಮೊದಲು ಕಾಣುವುದು ನಮಗೆ. ಬೀಜ ಯಾವುದು, ಔಷಧ ಯಾವುದು ಅಂತ ನಮ್ಮನ್ನು ಕೇಳಿದವರಿಲ್ಲ. ತರಬೇತಿಗೆ ಕರೆಯುವುದೂ ಗಂಡಸರನ್ನೇ. ನಿನ್ನ ಹೆಂಡತಿ ಎರಡು ವಾರದ ಹಿಂದೆಯೇ ಈ ಗಿಡ ನೋಡಿದ್ದಳಂತೆ, ನಿನ್ನೆ ಫೋನಿನಲ್ಲಿ ಹೇಳಿದಳು. ನೀನು ಅವಳ ಮಾತು ಕೇಳಿದ್ದರೆ ಈಗ ಫೋಟೋ ಹಾಕುವ ಕೆಲಸ ಇರುತ್ತಿತ್ತಾ?

ಇರಲಿ. ಏನು ಮಾಡಬೇಕು ಅಂತ ಹೇಳಲೇ ಇಲ್ಲ ನೋಡು.

ನಾಳೆ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಹೋಗಿ ಸಾಲು ಸಾಲು ನೋಡಿ. ಅಂಥ ಗಿಡ ಕಂಡರೆ ಬುಡಸಮೇತ ಕಿತ್ತು, ಹೊಲದಿಂದ ಹೊರಗೆ ಒಯ್ದು ಸುಡಿ. ಸಾಲಿನಲ್ಲೇ ಬಿಸಾಡಿದರೆ ಎಲೆ ಬಾಡುವಾಗ ನುಸಿ ಪಕ್ಕದ ಗಿಡಕ್ಕೆ ಹೋಗುತ್ತದೆ. ಉಳಿದ ಗಿಡಕ್ಕೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ, ಎಲೆಯ ಕೆಳಭಾಗಕ್ಕೆ ತಾಗುವ ಹಾಗೆ ಹೊಡೆಸು. ಅದು ನುಸಿಗೆ ಮಾತ್ರ. ರೋಗ ಹತ್ತಿದ ಗಿಡವನ್ನು ಗುಣ ಮಾಡುವ ಔಷಧ ಇಲ್ಲ, ಯಾರು ಮಾರಿದರೂ ತೆಗೆದುಕೊಳ್ಳಬೇಡ. ವಾರಕ್ಕೊಮ್ಮೆ ಮತ್ತೆ ನೋಡುತ್ತಿರಿ. ಬದುವಿನ ಮೇಲೆ ಹಳೇ ತೊಗರಿ ಇದ್ದರೆ ಅದನ್ನೂ ಕೀಳಿ, ನಿಮ್ಮದಾದರೂ ಸರಿ, ಪಕ್ಕದವರನ್ನು ಕೇಳಿಕೊಂಡಾದರೂ ಸರಿ.

ಮುಂದಿನ ವರ್ಷಕ್ಕೆ ತಳಿ ಬದಲಾಯಿಸು. ಆಶಾ ಅಂತ ಒಂದಿದೆ, 1993ರಲ್ಲಿ ಬಂದದ್ದು, ಸೊರಗು ಮತ್ತು ಗೊಡ್ಡು ಎರಡನ್ನೂ ತಡೆಯಲಿ ಅಂತಲೇ ಮಾಡಿದ್ದು. ಆದರೆ ಈ ವೈರಸ್ ಎಲ್ಲ ಕಡೆ ಒಂದೇ ತರ ಇಲ್ಲ, ಬೆಂಗಳೂರು ಕಡೆಯದು ಜಾಸ್ತಿ ಜೋರು. ಹಾಗಾಗಿ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ನಮ್ಮ ಭಾಗಕ್ಕೆ ಯಾವುದು ಒಗ್ಗುತ್ತದೆ ಅಂತ ಕೇಳು. ಹೋಗುವಾಗ ರೋಗದ ಒಂದು ರೆಂಬೆಯನ್ನು ಕವರಿನಲ್ಲಿ ಕಟ್ಟಿಕೊಂಡು ಹೋಗು.

ಗಿಡ ಕೀಳುವಾಗ ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಎಷ್ಟು ಹಚ್ಚಗಿದೆಯಲ್ಲ ಅನ್ನಿಸುತ್ತದೆ. ಆ ಹಸಿರು ನೋಡಿ ಮೋಸ ಹೋಗಬೇಡಪ್ಪಾ. ಸಂಜೆ ಫೋನ್ ಮಾಡಿ ಎಷ್ಟು ಗಿಡ ಕಿತ್ತಿರಿ ಅಂತ ಹೇಳು, ಹೆಂಡತಿ ಕೈಗೂ ಫೋನ್ ಕೊಡು.